ಕೆಂಪು ಶಾಯಿ ನಿಂತ ಪುಟ

ನನ್ನ ಪಿಎಚ್.ಡಿ. ಪ್ರಬಂಧದ ಮೊದಲ ಅಧ್ಯಾಯವನ್ನು ಓದಿ ಮುಗಿಸಿದ ದಿನ ನನ್ನ ಗೈಡ್ ಆಗಿದ್ದ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ.

"ಇದರಲ್ಲಿ ನೀವು ಬರೆದದ್ದು ಯಾವುದು?"

"ಎಲ್ಲಾ ನಾನೇ ಬರ್ದಿದ್ದು ಸಾರ್," ಅಂದೆ.

ಅವರು ಹಾಳೆಗಳನ್ನು ನನ್ನ ಕಡೆ ತಿರುಗಿಸಿದರು. ಅಂಚಿನಲ್ಲೆಲ್ಲ ಕೆಂಪು ಶಾಯಿ. ಒಂದು ಸಾಲಿನ ಕೆಳಗೆ ಬೆರಳಿಟ್ಟು, "ಓದಿ," ಎಂದರು. ಓದಿದೆ. ಇಂಗ್ಲಿಷಿನಲ್ಲಿ ನಾನು ಬಹಳ ಕಷ್ಟಪಟ್ಟು ಕಟ್ಟಿದ ವಾಕ್ಯ ಅದು, ದುಡಿಯುವ ಹೆಂಗಸರ ಮನೋಭಾವದ ಬಗ್ಗೆ.

"ಈಗ ಅದನ್ನೇ ಕನ್ನಡದಲ್ಲಿ ಹೇಳಿ."

ಬಾಯಿ ತೆರೆದೆ. ಏನೂ ಹೊರಡಲಿಲ್ಲ.

"ನೋಡಿ, ಕನ್ನಡದಲ್ಲಿ ಹೇಳೋಕಾಗಲ್ಲ ಅಂದ್ರೆ ಅದು ನಿಮಗೆ ಗೊತ್ತಿಲ್ಲ ಅಂತ. ಇನ್ಯಾರದೋ ಮಾತು. ತೆಗೀರಿ." ಆ ವಾಕ್ಯದ ಮೇಲೆ ಒಂದು ಗೆರೆ ಬಿತ್ತು. ಹಾಗೆ ಒಂದೊಂದೇ ಗೆರೆ ಬೀಳುತ್ತಾ ಹೋಗಿ, ಇಡೀ ಅಧ್ಯಾಯದಲ್ಲಿ ಉಳಿದದ್ದು ಒಂದೂವರೆ ಪುಟ. ಅದೂ ಕಾರ್ಖಾನೆಗಳು ಎಲ್ಲಿವೆ, ಯಾವ ಬಸ್ಸು ಹೋಗುತ್ತದೆ ಅನ್ನುವ ಭಾಗ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮೂರು ಮಾಕಳಿ. ತುಮಕೂರು ರಸ್ತೆಯ ಎರಡೂ ಬದಿಯ ರಾಗಿ ಹೊಲಗಳಲ್ಲಿ ಆಗ ತಗಡಿನ ಶೆಡ್ಡುಗಳು ಎದ್ದು ನಿಲ್ಲುತ್ತಿದ್ದವು. ನಮ್ಮ ಊರಿನ ಹುಡುಗಿಯರು ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಪೀಣ್ಯಕ್ಕೆ ಹೋಗುವ ಬಸ್ಸು ಹತ್ತುತ್ತಿದ್ದರು. ನಾನು ಅದೇ ಬಸ್ಸಿನಲ್ಲಿ ಪುಸ್ತಕ ಹಿಡಿದು ಹತ್ತಿ, ಅವರು ಇಳಿದ ಮೇಲೂ ಕೂತಿರುತ್ತಿದ್ದೆ. ಅವರಲ್ಲಿ ನಮ್ಮ ದೊಡ್ಡಪ್ಪನ ಮಗಳೂ ಒಬ್ಬಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಪ್ರೆಸ್ ಶಾಪಿನಲ್ಲಿ ಕೆಲಸ. ತಗಡಿನ ತುಂಡನ್ನು ಅಚ್ಚಿನ ಕೆಳಗೆ ಇಡುವುದು, ಕಾಲಲ್ಲಿ ಪೆಡಲ್ ಒತ್ತುವುದು, ಮೇಲಿನ ಅಚ್ಚು ಬಡಿದ ಮೇಲೆ ತುಂಡನ್ನು ತೆಗೆದು ಇನ್ನೊಂದನ್ನು ಇಡುವುದು. ಒಂದು ದಿನ ಅವಳ ಬಲಗೈಯ ಎರಡು ಬೆರಳು ಅಚ್ಚಿನ ಕೆಳಗೇ ಉಳಿದುಬಿಟ್ಟವು. ನಾನು ಪೀಣ್ಯದ ಹೆಂಗಸರ ಮೇಲೆ ಪ್ರಬಂಧ ಬರೆಯುತ್ತೇನೆ ಅಂದಾಗ ಯೂನಿವರ್ಸಿಟಿಯ ನಮ್ಮ ವಿಭಾಗದಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ಹೇಳಿದರೆ ಅನುಕಂಪಕ್ಕೆ ವಿಷಯ ಆರಿಸಿಕೊಂಡಿದ್ದಾಳೆ ಅಂದಾರು ಅನ್ನಿಸಿತ್ತು.

ಮೇಷ್ಟ್ರ ಕೈಕೆಳಗೆ ಯಾರೂ ಉಳಿಯುವುದಿಲ್ಲ ಅನ್ನುವುದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗಿಂತ ಮುಂಚೆ ಇದ್ದವನು ಮೂರನೇ ಅಧ್ಯಾಯಕ್ಕೆ ಬಿಟ್ಟು ಬ್ಯಾಂಕು ಸೇರಿದ್ದ. ಅವನು ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಿ, "ಬೇರೆ ಯಾರನ್ನಾದ್ರೂ ಹಿಡ್ಕೊಳ್ರೀ. ಈ ಮನುಷ್ಯ ನಿಮ್ಮ ಥೀಸಿಸ್ ಮುಗ್ಸೋಕೆ ಬಿಡಲ್ಲ, ನೀವೇ ಮುಗ್ದೋಗ್ತೀರ," ಅಂದ. ನಾನು ಹಿಡಿದುಕೊಳ್ಳಲಿಲ್ಲ. ಯಾಕೆ ಅಂತ ಯೋಚಿಸಿದರೆ, ಅವರು ಪ್ರತಿ ಸಾಲನ್ನೂ ಓದುತ್ತಿದ್ದರು ಅನ್ನುವುದು ಬಿಟ್ಟು ಬೇರೆ ಕಾರಣ ಹೊಳೆಯುವುದಿಲ್ಲ. ಬೇರೆ ಗೈಡುಗಳ ವಿದ್ಯಾರ್ಥಿಗಳು ಹೊಗಳಿಸಿಕೊಂಡು ಬರುತ್ತಿದ್ದರು, ಆದರೆ ಅವರ ಹಾಳೆಗಳು ಕೊಟ್ಟಾಗ ಹೇಗಿದ್ದವೋ ಹಾಗೇ ಬೆಳ್ಳಗೆ ವಾಪಸು ಬರುತ್ತಿದ್ದವು.

ಹಾಗಂತ ಮೇಷ್ಟ್ರು ಒಳಗೊಳಗೆ ಕರುಣಾಮಯಿ ಅಂತ ನಾನು ಹೇಳುತ್ತಿಲ್ಲ. ಅವರ ಮಾತು ಗಾಯ ಮಾಡುತ್ತಿತ್ತು, ಮಾಡುತ್ತದೆ ಅಂತ ಅವರಿಗೂ ಗೊತ್ತಿತ್ತು. "ನಿಮ್ಮ ಊರಿನವರ ಬಗ್ಗೆ ಬರೀತಿದೀರಿ, ವಿದೇಶದಿಂದ ಬಂದವರ ಥರ ಬರೀತಿದೀರಿ" ಎಂದು ಒಂದು ಸಲ ಇತರ ವಿದ್ಯಾರ್ಥಿಗಳ ಎದುರಿಗೇ ಅಂದರು. ಆ ದಿನ ಮೆಜೆಸ್ಟಿಕ್‌ನಿಂದ ಮಾಕಳಿಯವರೆಗೆ ಸೆರಗು ಮುಖಕ್ಕೆ ಹಿಡಿದೇ ಬಂದೆ. ಮನೆಯಲ್ಲಿ ಅಪ್ಪ ಕೇಳಿದರು, "ಇವತ್ತಾದ್ರೂ ಸರಿ ಐತೆ ಅಂದ್ರಾ?" ಅಪ್ಪನಿಗೆ ನನ್ನ ಓದು ಒಂದು ಮನೆ ಕಟ್ಟಿದ ಹಾಗೆ. ಇಷ್ಟು ಹೊತ್ತಿಗೆ ಗೋಡೆ ಏಳಬೇಕಿತ್ತು, ಯಾಕೆ ಪಾಯವನ್ನೇ ಮತ್ತೆ ಮತ್ತೆ ಅಗೆಯುತ್ತಾರೆ ಅಂತ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಎರಡು ವರ್ಷ ಹೀಗೆ ಕಳೆಯಿತು. ನಾಲ್ಕನೇ ಅಧ್ಯಾಯ ಕಾರ್ಖಾನೆಯ ಅಪಘಾತಗಳದ್ದು. ಅದರಲ್ಲಿ ಅಕ್ಕನ ಕೈಯ ಬಗ್ಗೆ ಬರೆದೆ, ಹೆಸರಿಲ್ಲದೆ, ನನಗೆ ಏನಾಗಬೇಕು ಅಂತಲೂ ಇಲ್ಲದೆ. ಮೇಷ್ಟ್ರು ಓದಿ, ಆ ಭಾಗಕ್ಕೆ ಬಂದು ಪೆನ್ನಿನ ಕ್ಯಾಪು ಹಾಕಿದರು.

"ಇವರು ನಿಮಗೆ ಗೊತ್ತಾ?"

ಸುಳ್ಳು ಹೇಳಲಾಗಲಿಲ್ಲ. "ಅಕ್ಕ ಆಗ್ಬೇಕು ಸಾರ್. ದೊಡ್ಡಪ್ಪನ ಮಗಳು."

"ಅದಕ್ಕೇ ಇಷ್ಟು ಚೆನ್ನಾಗಿ ಮುಚ್ಚಿದೀರಿ." ಹಾಳೆ ಎತ್ತಿಕೊಂಡರು. "ತೀವ್ರ ಆಘಾತಕ್ಕೆ ಒಳಗಾದರು ಅಂತ ಬರೆದಿದೀರಿ. ಅವರು ಹಾಗಂದ್ರಾ?"

"ಇಲ್ಲ ಸಾರ್."

"ಏನಂದ್ರು?"

"ಏನೂ ಅನ್ಲಿಲ್ಲ. ನಾನೂ ಕೇಳ್ಲಿಲ್ಲ."

"ಮಿಷನ್ನು ಬಡಿದ ಗಳಿಗೆಯಲ್ಲಿ ಅವರ ಮನಸ್ಸಿಗೆ ಏನು ಬಂತು? ಅದು ಗೊತ್ತಿಲ್ಲದೆ ಹನ್ನೆರಡು ಪುಟ ಬರೆದಿದೀರಿ. ಹೋಗಿ ಕೇಳಿ. ಕೇಳೋಕಾಗಲ್ಲ ಅಂದ್ರೆ ಈ ಅಧ್ಯಾಯ ತೆಗೀರಿ. ಎರಡರಲ್ಲಿ ಒಂದು."

ಅಕ್ಕನನ್ನು ಕೇಳಲು ನನಗೆ ಒಂದು ತಿಂಗಳು ಹಿಡಿಯಿತು. ಕಾರ್ಖಾನೆಯವರು ಅವಳನ್ನು ಕೆಲಸದಿಂದ ತೆಗೆದಿರಲಿಲ್ಲ, ಪ್ಯಾಕಿಂಗ್‌ಗೆ ಹಾಕಿದ್ದರು. ಭಾನುವಾರ ಅವಳು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೆಬ್ಬೆರಳು ಮತ್ತು ಕೊನೆಯ ಎರಡು ಬೆರಳಿನ ನಡುವೆ ಸೋಪು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ನಾನು ಪಕ್ಕದಲ್ಲಿ ಕೂತು, ಹಿಂಡುವುದಕ್ಕೆ ಕೈ ಕೊಡುತ್ತಾ, ಸುತ್ತಿ ಬಳಸಿ ಕೇಳಿದೆ.

ಅವಳು ಒಗೆಯುವುದನ್ನು ನಿಲ್ಲಿಸಿದಳು. "ನಿನ್ ಪರೀಕ್ಸೆಗೆ ಬೇಕಾ?"

"ನಮ್ ಮೇಷ್ಟ್ರು ಕೇಳ್ಕೊಂಡ್ ಬಾ ಅಂದ್ರು ಅಕ್ಕ."

"ಅವರಿಗ್ಯಾಕಂತೆ? ಇನ್ನೊಂದ್ ಸಲ ಯೋಳಿದ್ರೆ ಬೆರಳು ಬತ್ತಾವಾ?"

ಎದ್ದು ಹೋಗೋಣ ಅಂದುಕೊಂಡೆ. ಏಳಲಿಲ್ಲ. ಅವಳು ಬಕೆಟ್ಟಿನ ನೀರನ್ನೇ ನೋಡುತ್ತಾ, ಯಾರಿಗೋ ಹೇಳುವವಳ ಹಾಗೆ ಹೇಳಿದಳು. "ಪೀಸ್ ಹಾಳಾಯ್ತು ಅಂದ್ಕೊಂಡೆ ಕಣೆ. ಅದೇ ಮೊದ್ಲು ಬಂದಿದ್ದು. ರಕ್ತ ತಗಡಿನ ಮೇಲೆ ಬಿತ್ತಲ್ಲ, ಸೂಪರ್‌ವೈಜರ್ ಬೈತಾನೆ ಅಂತ ಸೆರಗಲ್ಲಿ ಒರೆಸಕ್ಕೋದೆ. ಒರೆಸಕ್ಕೆ ಬೆರಳೇ ಇಲ್ಲ. ಅವಾಗ ಗೊತ್ತಾಗಿದ್ದು."

ನಾನು ಕೈಯಲ್ಲಿದ್ದ ಬಟ್ಟೆಯನ್ನೇ ಮತ್ತೆ ಹಿಂಡಿದೆ. "ಬರ್ಕೋ ಓಗು," ಅಂದಳು. "ನನ್ನೆಸರು ಮಾತ್ರ ಆಕ್ಬೇಡ." ಆಮೇಲೆ ಆರು ತಿಂಗಳು ಅವಳು ನಮ್ಮ ಮನೆ ಕಡೆ ಬರಲಿಲ್ಲ. ಹಬ್ಬಕ್ಕೆ ಕರೆಯಲು ಹೋದ ಅಮ್ಮನಿಗೆ, "ಅವಳನ್ನ ನೋಡಿದ್ರೆ ಕೈ ಉರೀತದೆ ಚಿಕ್ಕಮ್ಮ," ಅಂದಳಂತೆ.

ನಾನು ಅಧ್ಯಾಯವನ್ನು ಮೊದಲಿನಿಂದ ಬರೆದೆ. ಈ ಸಲ ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತಂದೆ. ಅಕ್ಕನ ಮಾತನ್ನು ಅವಳು ಹೇಳಿದ ಹಾಗೇ ಇಟ್ಟು, ಅದರ ಹಿಂದೆ ಮುಂದೆ ವಿವರಣೆ ಏನೂ ಕೊಡಲಿಲ್ಲ. ಮೇಷ್ಟ್ರು ಹಾಳೆಗಳ ಕಟ್ಟನ್ನು ಚೀಲದಲ್ಲಿಟ್ಟುಕೊಂಡು, "ಮನೆಯಲ್ಲಿ ಓದ್ತೀನಿ. ಮುಂದಿನ ವಾರ ಬನ್ನಿ," ಅಂದರು.

ಮುಂದಿನ ವಾರ ಹೋದಾಗ ಅವರ ಕೋಣೆಗೆ ಬೀಗ ಹಾಕಿತ್ತು. ಅಟೆಂಡರ್ ಹೇಳಿದ, "ಮೇಷ್ಟ್ರಿಗೆ ಲಕ್ವ ಹೊಡೀತಮ್ಮ. ಬಲಗಡೆ ಪೂರ್ತಿ ಬಿದ್ದೋಗಿದೆಯಂತೆ."

ಅವರ ಮನೆ ವೈಟ್‌ಫೀಲ್ಡಿನಲ್ಲಿತ್ತು. ಆಗ ಅದು ನಿವೃತ್ತರಾದವರು ಗಾಳಿಗೆ, ಮೌನಕ್ಕೆ ಅಂತ ಹುಡುಕಿಕೊಂಡು ಹೋಗುತ್ತಿದ್ದ ಜಾಗ. ನನಗೋ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಆಸ್ಪತ್ರೆಯಿಂದ ಅವರನ್ನು ಮನೆಗೆ ಕರೆತಂದಿದ್ದಾರೆ ಅಂತ ಗೊತ್ತಾದ ಮೇಲೆ ಹೊರಟೆ. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿದೆ. ಮಹದೇವಪುರ ದಾಟುವ ಹೊತ್ತಿಗೆ ಕಾರ್ಖಾನೆಯ ಜನವೆಲ್ಲ ಇಳಿದು ಬಸ್ಸು ಖಾಲಿಯಾಗಿತ್ತು. ಆಮೇಲೆ ದ್ರಾಕ್ಷಿ ತೋಟಗಳು, ಕೆಂಪು ಮಣ್ಣು, ಹೆಂಚಿನ ಮನೆಗಳು.

ಬಾಗಿಲು ತೆಗೆದವರು ಅವರ ಹೆಂಡತಿ. ಸಣ್ಣಗೆ, ನೆಟ್ಟಗೆ ಇದ್ದ ಹೆಂಗಸು. "ನೀನು ಪೀಣ್ಯದ ಹುಡುಗಿ ತಾನೇ? ಬಾಮ್ಮ," ಅಂದರು. ಮೇಷ್ಟ್ರ ಬಾಯಲ್ಲಿ ನಾನು ಪೀಣ್ಯದ ಹುಡುಗಿ ಆಗಿದ್ದೆ ಅಂತ ಗೊತ್ತಾದದ್ದು ಆಗಲೇ.

ಮೇಷ್ಟ್ರು ಜಗಲಿಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ದಿಂಬಿನ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ನನ್ನನ್ನು ಗುರುತಿಸಿದ್ದು ಕಣ್ಣಲ್ಲಿ ಕಂಡಿತು. ನಮಸ್ಕಾರ ಮಾಡಿದೆ.

"ಅಲ್ಲ," ಅಂದರು.

ನಾನು ಗಾಬರಿಯಾಗಿ ಅವರ ಹೆಂಡತಿಯ ಮುಖ ನೋಡಿದೆ. "ಅದೊಂದೇ ಮಾತು ಉಳಿದಿರೋದು," ಅಂದರು ಅವರು. "ಕಾಫಿಗೂ ಅದೇ, ಸ್ನಾನಕ್ಕೂ ಅದೇ. ಬೇಕು ಅಂದ್ರೂ ಅಲ್ಲ, ಬೇಡ ಅಂದ್ರೂ ಅಲ್ಲ. ಡಾಕ್ಟ್ರು ಹೇಳ್ತಾರೆ, ಅವರು ಬೇರೆ ಏನೋ ಹೇಳೋಕೆ ಹೋಗ್ತಾರಂತೆ, ಬಾಯಿಗೆ ಇದೇ ಬರುತ್ತಂತೆ."

"ಅಲ್ಲ," ಅಂದರು ಮೇಷ್ಟ್ರು, ಸಿಟ್ಟಿನಿಂದ.

ಹೊರಡುವ ಹೊತ್ತಿಗೆ ಅವರ ಹೆಂಡತಿ ನನ್ನ ಅಧ್ಯಾಯದ ಕಟ್ಟನ್ನು ತಂದುಕೊಟ್ಟರು. ಮೇಷ್ಟ್ರು ಕುಸಿದು ಬಿದ್ದಾಗ ಮೇಜಿನ ಮೇಲೆ ಅದೇ ತೆರೆದಿತ್ತಂತೆ. ಬಸ್ ಸ್ಟಾಪಿನಲ್ಲಿ ನಿಂತೇ ಪುಟ ತಿರುವಿದೆ. ಮೊದಲ ಪುಟಗಳಲ್ಲಿ ಕೆಂಪು ಶಾಯಿ ಎಂದಿನ ಹಾಗೆ ಇತ್ತು. "ಯಾರು ಹೇಳಿದ್ದು?" "ಎರಡು ಸಲ ಬಂದಿದೆ." ಒಂದು ಕಡೆ, "ಇದು ಪರವಾಗಿಲ್ಲ." ಎರಡೂವರೆ ವರ್ಷದಲ್ಲಿ ಮೊದಲ ಸಲ. ಆಮೇಲೆ ಒಂದು ಪುಟದ ನಡುವೆ ಒಂದು ಪದದ ಕೆಳಗೆ ಗೆರೆ ಶುರುವಾಗಿ, ಓರೆಯಾಗಿ ಕೆಳಕ್ಕೆ ಜಾರಿ, ಹಾಳೆಯ ಅಂಚಿಗೆ ಹೋಗಿ ನಿಂತಿತ್ತು. ಅಕ್ಕನ ಮಾತು ಇದ್ದದ್ದು ಅದರ ಮುಂದಿನ ಪುಟದಲ್ಲಿ.

ಅವರು ಅದನ್ನು ಓದಿದ್ದರೋ ಇಲ್ಲವೋ? ಮೊದಲು ಒಂದು ಸಲ ಪೂರ್ತಿ ಓದಿ, ಎರಡನೇ ಸಲಕ್ಕೆ ಪೆನ್ನು ಹಿಡಿಯುವುದು ಅವರ ಪದ್ಧತಿ ಅಂತ ಕೆಲವರು ಹೇಳುತ್ತಿದ್ದರು. ಅಲ್ಲ, ಓದುತ್ತಲೇ ಗೀಚುತ್ತಾರೆ ಅಂತ ಇನ್ನು ಕೆಲವರು. ಈ ಒಂದು ಪ್ರಶ್ನೆ ನನ್ನನ್ನು ಎಷ್ಟು ಹಿಡಿಯಿತೆಂದರೆ, ಮುಂದಿನ ಭಾನುವಾರ ಕಟ್ಟನ್ನು ಎತ್ತಿಕೊಂಡು ಮತ್ತೆ ವೈಟ್‌ಫೀಲ್ಡಿಗೆ ಹೋದೆ.

"ಅಮ್ಮ, ಉಳಿದಿದ್ದನ್ನ ಓದಿ ಹೇಳ್ಲಾ?"

ಅವರು ಗಂಡನ ಕಡೆ ನೋಡಿದರು. "ಓದು. ಆಗೋದೇನಿದೆ," ಅಂದರು.

ಗೆರೆ ಜಾರಿದ ಕಡೆಯಿಂದ ಓದಲು ಶುರುಮಾಡಿದೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ, ಅದನ್ನೇ ಕನ್ನಡದಲ್ಲಿ. ಅವರೇ ಕಲಿಸಿದ ರೀತಿ. ಪ್ರತಿ ವಾಕ್ಯಕ್ಕೂ "ಅಲ್ಲ" ಬಂತು. ಕೆಲವು ಮೆಲ್ಲಗೆ, ಕೆಲವು ಜೋರಾಗಿ, ಒಂದೆರಡು ಪ್ರಶ್ನೆಯ ಹಾಗೆ ತೇಲಿಕೊಂಡು. ಧ್ವನಿಯಲ್ಲಿ ವ್ಯತ್ಯಾಸ ಹುಡುಕುತ್ತಾ ನಾನು ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡೆ. ಜೋರಾದರೆ ತಪ್ಪು, ಮೆತ್ತಗಾದರೆ ಸರಿ ಅಂತ ನನಗೆ ನಾನೇ ನಿಯಮ ಮಾಡಿಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದು ಸಕ್ಕರೆ ಸಾಕಾ ಅಂತ ಕೇಳಿದರು. ಅದಕ್ಕೂ ಅವೇ ಏರಿಳಿತಗಳಲ್ಲಿ "ಅಲ್ಲ" ಬಂದಾಗ ಪೆನ್ಸಿಲ್ ಕೆಳಗಿಟ್ಟೆ.

ಅಕ್ಕನ ಮಾತಿಗೆ ಬಂದೆ. ಅದನ್ನು ಇಂಗ್ಲಿಷಿನಲ್ಲಿ ಓದಲಿಲ್ಲ. ಅವಳು ಹೇಳಿದ ಹಾಗೇ ಹೇಳಿದೆ. ಒರೆಸಕ್ಕೆ ಬೆರಳೇ ಇಲ್ಲ ಅನ್ನುವಲ್ಲಿಗೆ ಬರುವಷ್ಟರಲ್ಲಿ ಮೇಷ್ಟ್ರ ಮುಖ ಕಿವುಚಿಕೊಂಡಿತು. ಅಳತೊಡಗಿದರು. ಸಣ್ಣ ಮಕ್ಕಳ ಹಾಗೆ, ಬಾಯಿ ತೆರೆದುಕೊಂಡು. ಆ ಒಂದು ಗಳಿಗೆ, ಹೇಳಲು ನಾಚಿಕೆಯಾಗುತ್ತದೆ, ನನಗೆ ಸಂತೋಷವಾಯಿತು. ಅವರಿಗೆ ಮುಟ್ಟಿತು ಅಂದುಕೊಂಡೆ.

ಅವರ ಹೆಂಡತಿ ಟವಲಿನಿಂದ ಮುಖ ಒರೆಸುತ್ತಾ ಹೇಳಿದರು, "ಹೆದರ್ಕೋಬೇಡಮ್ಮ. ಈ ಕಾಯಿಲೇಲಿ ಹೀಗೇ ಅಂತೆ. ಬೆಳಿಗ್ಗೆ ಪೇಪರ್‌ನವನು ಬೆಲ್ ಹೊಡೆದಾಗ್ಲೂ ಅತ್ರು."

ಆಮೇಲೂ ಕೆಲವು ತಿಂಗಳು ಪ್ರತಿ ಭಾನುವಾರ ಹೋಗುತ್ತಿದ್ದೆ. ಐದನೇ ಅಧ್ಯಾಯ ಬರೆದು ಓದಿದೆ, ಆರನೆಯದನ್ನೂ ಓದಿದೆ. ಒಂದು ಭಾನುವಾರ ಅವರು ಎಡಗೈಯಿಂದ ನನ್ನ ಹಾಳೆಗಳನ್ನು ತಳ್ಳಿಬಿಟ್ಟರು. ಹಾಳೆಗಳು ಅಂಗಳಕ್ಕೆ ಹಾರಿದವು. ನಾನೂ ಅವರ ಹೆಂಡತಿಯೂ ಕ್ರೋಟನ್ ಗಿಡಗಳ ನಡುವೆ ಬಗ್ಗಿ ಬಗ್ಗಿ ಆರಿಸಿಕೊಂಡೆವು. ಬರೆದದ್ದು ಕೆಟ್ಟದಾಗಿತ್ತೋ, ಅವರಿಗೆ ಬಾಯಾರಿಕೆಯಾಗಿತ್ತೋ, ಅಥವಾ ಕೂತು ಕೂತು ಬೆನ್ನು ನೊಂದಿತ್ತೋ, ತಿಳಿಯಲು ದಾರಿ ಇರಲಿಲ್ಲ. ಅಷ್ಟು ಮಾತು ಆಡಿ ನನ್ನನ್ನು ಚಿಂದಿ ಮಾಡಿದ ಮನುಷ್ಯ ಈಗ ಒಂದೇ ಮಾತಿನೊಳಗೆ ಸಿಕ್ಕಿಬಿದ್ದಿದ್ದರು. ಅವರನ್ನು ನೋಡಿ ಬರುವಾಗ ಬಸ್ಸಿನಲ್ಲಿ ಅಳು ಬರುತ್ತಿರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತೇನೋ.

ವಿಭಾಗದ ಮುಖ್ಯಸ್ಥರು ಒಂದು ದಿನ ಕರೆಸಿ, ಗೈಡ್ ಬದಲಾಯಿಸಿಕೊಳ್ಳದೆ ವಿಧಿಯಿಲ್ಲ ಅಂದರು. ಹೊಸ ಗೈಡ್ ವಿಭಾಗದಲ್ಲಿ ರೀಡರ್ ಹುದ್ದೆಯಲ್ಲಿದ್ದವರು. ಚುರುಕಾದ, ನಗುಮುಖದ ಮನುಷ್ಯ. ಇಡೀ ಪ್ರಬಂಧವನ್ನು ಕೊಟ್ಟು ನಾಲ್ಕು ದಿನವಾಗಿರಲಿಲ್ಲ, ಹೇಳಿಕಳಿಸಿದರು.

"ಫಸ್ಟ್ ಕ್ಲಾಸಾಗಿದೆ ಕಣಮ್ಮ. ಎಲ್ಲಿದ್ರಿ ಇಷ್ಟು ದಿನ? ಸಬ್ಮಿಟ್ ಮಾಡಿಬಿಡಿ." ಆಮೇಲೆ ಏನೋ ನೆನಪಾದವರಂತೆ, "ಆ ನಾಲ್ಕನೇ ಚಾಪ್ಟರ್ ಮಾತ್ರ ಸ್ವಲ್ಪ ಕತೆ ಥರ ಆಯ್ತು. ಥಿಯರಿ ಇಲ್ಲ. ಅದನ್ನ ಅಪೆಂಡಿಕ್ಸ್‌ಗೆ ಹಾಕಿ."

"ಅದೇ ಮುಖ್ಯವಾದದ್ದು ಸಾರ್."

"ಮುಖ್ಯ ಅಂತ ನಿಮಗನ್ಸತ್ತೆ. ಎಕ್ಸಾಮಿನರ್‌ಗೆ ಅನ್ಸಬೇಕಲ್ಲ? ಅಪೆಂಡಿಕ್ಸ್ ಅಂದ್ರೆ ಕಿತ್ತು ಹಾಕೋದಲ್ಲಮ್ಮ, ಹಿಂದೆ ಇರುತ್ತೆ ಅಷ್ಟೆ."

ಹಾಳೆಗಳನ್ನು ಮನೆಗೆ ತಂದು ತಿರುವಿದೆ. ಎಲ್ಲಿಯೂ ಒಂದು ಚುಕ್ಕೆ ಇರಲಿಲ್ಲ. ನಾಲ್ಕನೇ ಅಧ್ಯಾಯಕ್ಕೆ ನಾನು ಹಾಕಿದ್ದ ಗುಂಡುಪಿನ್ನು ಹಾಕಿದ ಹಾಗೇ ಇತ್ತು. ಅದನ್ನು ತೆಗೆಯದೆ ಪುಟ ತಿರುಗಿಸಲು ಆಗುತ್ತಿರಲಿಲ್ಲ.

ಜಗಳ ಆಡಬಹುದಿತ್ತು. ಆಡಲಿಲ್ಲ. ನನಗೆ ಆಗ ಇಪ್ಪತ್ತೊಂಬತ್ತು. ಮನೆಯಲ್ಲಿ ಎಲ್ಲರೂ ದಣಿದಿದ್ದರು, ನಾನೂ ದಣಿದಿದ್ದೆ. ಅಧ್ಯಾಯ ಹಿಂದಕ್ಕೆ ಹೋಯಿತು, ಸಣ್ಣ ಅಕ್ಷರದಲ್ಲಿ. ಟೈಪು, ಬೈಂಡಿಂಗ್ ಅಂತ ಓಡಾಡುವುದರಲ್ಲಿ ವೈಟ್‌ಫೀಲ್ಡಿನ ಭಾನುವಾರಗಳೂ ನಿಂತುಹೋದವು. ಮೌಖಿಕ ಪರೀಕ್ಷೆಗೆ ಬೇರೆ ರಾಜ್ಯದಿಂದ ಬಂದಿದ್ದ ಪರೀಕ್ಷಕರು ಹೆಂಗಸರನ್ನು ಹೇಗೆ ಆರಿಸಿಕೊಂಡಿರಿ, ಪ್ರಶ್ನಾವಳಿ ಯಾವ ಭಾಷೆಯಲ್ಲಿತ್ತು ಅಂತ ಕೇಳಿದರು. ಅನುಬಂಧದ ಸುದ್ದಿಯೇ ಬರಲಿಲ್ಲ. ಹೊರಗೆ ಬಂದಾಗ ಹೊಸ ಗೈಡ್ ಎಲ್ಲರಿಗೂ ಜಾಮೂನು ಹಂಚಿಸಿದರು. ಅಪ್ಪ ಊರಲ್ಲಿ ಮನೆ ಮನೆಗೆ ಹೋಗಿ ನಮ್ಮ ಹುಡುಗಿ ಡಾಕ್ಟರಾದಳು ಅಂದು ಬಂದರು. ಮಾರನೆಯ ದಿನ ಒಬ್ಬ ಅಜ್ಜಿ ಮಂಡಿನೋವು ಅಂತ ನಮ್ಮ ಬಾಗಿಲಿಗೆ ಬಂದಳು.

ಅಕ್ಕನೂ ಬಂದಳು. ಬಹಳ ದಿನದ ಮೇಲೆ. "ಆಯ್ತಾ ನಿಂದು?" ಅಂತ ಕೇಳಿ, ಜಗಲಿಯಲ್ಲಿ ಕೂತು ಕಾಫಿ ಕುಡಿದಳು. ತಾನು ಹೇಳಿದ್ದು ಅದರಲ್ಲಿ ಇದೆಯಾ ಅಂತ ಕೇಳಲಿಲ್ಲ. ಇದೆ ಅಂತ ನಾನೂ ಹೇಳಲಿಲ್ಲ.

ಮೇಷ್ಟ್ರು ಮೌಖಿಕ ಪರೀಕ್ಷೆಗೆ ಒಂದು ತಿಂಗಳ ಮುಂಚೆಯೇ ತೀರಿಕೊಂಡಿದ್ದರು. ಎರಡನೇ ಸಲ ಲಕ್ವ ಹೊಡೆದಾಗ ಆ ಒಂದು ಮಾತೂ ಹೋಗಿತ್ತಂತೆ. ನನಗೆ ಸುದ್ದಿ ತಿಳಿದದ್ದು ಅಂತ್ಯಕ್ರಿಯೆ ಎಲ್ಲ ಮುಗಿದ ಮೇಲೆ. ಬೈಂಡ್ ಮಾಡಿಸಿದ ಪ್ರಬಂಧದ ಒಂದು ಪ್ರತಿ ಹಿಡಿದು ವೈಟ್‌ಫೀಲ್ಡಿಗೆ ಹೋದಾಗ ಅವರ ಹೆಂಡತಿ ಸಾಮಾನು ಕಟ್ಟಿಸುತ್ತಿದ್ದರು. ಮೈಸೂರಿನಲ್ಲಿ ತಂಗಿಯ ಮನೆಗೆ ಹೋಗುವವರಿದ್ದರು. ಪ್ರತಿಯನ್ನು ಕೈಗೆ ತೆಗೆದುಕೊಂಡು, ಮೊದಲ ಪುಟದಲ್ಲಿ ಕೃತಜ್ಞತೆಯ ಸಾಲುಗಳನ್ನು ಓದಿ, ಪುಸ್ತಕದ ಪೆಟ್ಟಿಗೆಗೆ ಹಾಕಿದರು.

"ಅಮ್ಮ, ಒಂದ್ ಮಾತು ಕೇಳ್ಲಾ?" ಅಂದೆ. "ನಾನು ಬಂದು ಓದ್ತಿದ್ನಲ್ಲ, ಅದ್ರಿಂದ ಅವರಿಗೆ ಹಿಂಸೆ ಆಗ್ತಿತ್ತಾ?"

ಅವರು ಪೆಟ್ಟಿಗೆಯ ಅಂಚಿನ ಮೇಲೆ ಕೂತರು. "ನನಗೂ ಗೊತ್ತಿಲ್ಲ ಕಣಮ್ಮ. ನಲವತ್ತು ವರ್ಷ ಜೊತೇಲಿದ್ದೆ, ಕಡೇ ಒಂದು ವರ್ಷ ಅವರಿಗೆ ಏನು ಬೇಕು ಅಂತ ನನಗೇ ತಿಳೀಲಿಲ್ಲ." ಗೋಡೆಯ ಗೂಟದ ಕಡೆ ನೋಡಿದರು. "ಬನಿಯನ್ನಲ್ಲೇ ಇರೋರು ಇಡೀ ವಾರ. ಯಾರು ಬಂದ್ರೂ ಹಾಗೇ. ಭಾನುವಾರ ಬೆಳಿಗ್ಗೆ ಮಾತ್ರ ಗೂಟದ ಮೇಲಿರೋ ಶರ್ಟಿನ ಕಡೆ ಕೈ ಮಾಡೋರು. ಬಲಗೈ ತೂರಿಸೋದಕ್ಕೆ ಅರ್ಧ ಗಂಟೆ ಆಗೋದು. ನೋವಾಗೋದು ಅವರಿಗೆ. ಆದ್ರೂ ಬಿಡ್ತಿರ್ಲಿಲ್ಲ."

ಸಾಮಾನು ಕಟ್ಟುವ ಆಳು ಬಂದು ಮಂಚವನ್ನು ಬಿಚ್ಚಬಹುದಾ ಅಂತ ಕೇಳಿದ. ಅವರು ಎದ್ದು ಒಳಗೆ ಹೋದರು. ನಾನೂ ಹಿಂದೆ ಹೋಗಿ, ಅವನು ಸ್ಕ್ರೂ ಬಿಚ್ಚುವಷ್ಟು ಹೊತ್ತು ಮಂಚದ ಒಂದು ಕಾಲನ್ನು ಹಿಡಿದು ನಿಂತುಕೊಂಡೆ.